ಪರದೆಯ ಮೇಲಿನ ಪದ್ಯ: ಕನ್ನಡ ತರಗತಿಯಲ್ಲಿ ಸ್ಲೈಡುಗಳ ಬಳಕೆಯನ್ನು ಕುರಿತು

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಯೊಂದರ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದಾಗ ವಿಲಕ್ಷಣವಾದೊಂದು ಸಂಗತಿ ನನ್ನ ಗಮನಕ್ಕೆ ಬಂದಿತು. ಪಂಪನ ‘ವಿಕ್ರಮಾರ್ಜುನ ವಿಜಯ’ದ ರಚನಾಕಾಲವನ್ನು ಇಪ್ಪತ್ತಕ್ಕೂ ಹೆಚ್ಚು ಮಂದಿ ಕ್ರಿ.ಶ. ೯೧೪ ಎಂದು ಬರೆದಿದ್ದರು. ೯೪೧ ಎಂಬುದು ಪದವಿಪೂರ್ವ ತರಗತಿಯಿಂದಲೂ ಕಿವಿಗೆ ಬಿದ್ದಿರುವ ಸಂಖ್ಯೆ. ಸಾಮೂಹಿಕ ನಕಲು ನಡೆದಿರಬೇಕೆಂದು ಮೊದಲು ಅನುಮಾನಿಸಿದೆ. ಆ ಸಂಜೆ ತರಗತಿಯಲ್ಲಿ ತೋರಿಸಿದ್ದ ಸ್ಲೈಡುಗಳನ್ನು ತೆರೆದು ನೋಡಿದಾಗ ತಪ್ಪು ನನ್ನದೇ ಎಂಬುದು ಸ್ಪಷ್ಟವಾಯಿತು. ಅಂಕಿಗಳನ್ನು ಹಿಂದುಮುಂದಾಗಿ ಒತ್ತಿದ್ದವನು ನಾನು. ವಿದ್ಯಾರ್ಥಿಗಳು ಅದನ್ನು ನಿಷ್ಠೆಯಿಂದ ಒಪ್ಪಿಸಿದ್ದರು. ಅಂಕಿಯ ತಪ್ಪನ್ನು ಮರುದಿನವೇ ತಿದ್ದಬಹುದಾಗಿತ್ತು, ತಿದ್ದಿದೆ. ಆದರೆ ಅವೇ ಪತ್ರಿಕೆಗಳಲ್ಲಿದ್ದ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲ ಕಾಡಿತು. ಕರ್ಣನ ಪಾತ್ರವನ್ನು ಕುರಿತ ಪ್ರಶ್ನೆಗೆ ಬಹುತೇಕ ಎಲ್ಲರೂ ಐದು ಅಂಶಗಳನ್ನು ಬರೆದಿದ್ದರು, ಐದೂ ಒಂದೇ ಕ್ರಮದಲ್ಲಿದ್ದವು, ಮತ್ತು ಯಾರೊಬ್ಬರೂ ಕಾವ್ಯದ ಒಂದು ಸಾಲನ್ನೂ ಉದ್ಧರಿಸಿರಲಿಲ್ಲ. ನನ್ನ ಸ್ಲೈಡುಗಳಲ್ಲಿ ಅಂಶಗಳಿದ್ದವು, ಪದ್ಯ ಇರಲಿಲ್ಲ.

ಈ ಲೇಖನಕ್ಕೆ ಪ್ರೇರಣೆ ಆ ಉತ್ತರಪತ್ರಿಕೆಗಳು. ಇಂದು ಕನ್ನಡ ವಿಭಾಗಗಳಲ್ಲಿ ಪ್ರೊಜೆಕ್ಟರ್ ಇಲ್ಲದ ಕೊಠಡಿ ಅಪರೂಪವಾಗುತ್ತಿದೆ. ವಿಚಾರಸಂಕಿರಣ, ಪಿಎಚ್.ಡಿ. ಮೌಖಿಕ ಪರೀಕ್ಷೆ, ಪುನಶ್ಚೇತನ ಶಿಬಿರ, ದಿನನಿತ್ಯದ ಪಾಠ ಎಲ್ಲೆಡೆಯೂ ಸ್ಲೈಡುಗಳು ಬಂದಿವೆ. ೧೯೯೪ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯನ್ನುಳ್ಳ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಮಾಹಿತಿ ತಂತ್ರಜ್ಞಾನದ ಸಾಧನಗಳನ್ನು ಅಧ್ಯಾಪಕರು ಬಳಸುತ್ತಾರೆಯೇ ಎಂಬ ಪ್ರಶ್ನೆಯೂ ಸೇರಿಕೊಂಡ ಮೇಲೆ ಸ್ಲೈಡು ಬೋಧನೆಯ ಸಾಧನವಾಗಿರುವುದರ ಜೊತೆಗೆ ಬೋಧನೆ ನಡೆದಿದೆ ಎಂಬುದಕ್ಕೆ ದಾಖಲೆಯೂ ಆಯಿತು. ದಾಖಲೆಯ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಾಖಲೆಗಾಗಿ ಸಿದ್ಧಪಡಿಸಿದ ಸ್ಲೈಡು ಓದುವವರಿಗೆ ಸಂಪೂರ್ಣವಾಗಿ ತೋರಬೇಕೆಂದು ಬಯಸುತ್ತದೆ. ಪಾಠಕ್ಕಾಗಿ ಸಿದ್ಧಪಡಿಸಿದ ಸ್ಲೈಡು ಅಪೂರ್ಣವಾಗಿದ್ದಾಗಲೇ ಅಧ್ಯಾಪಕನ ಮಾತಿಗೆ ಎಡೆಯಿರುತ್ತದೆ. ಇವೆರಡನ್ನೂ ಒಂದೇ ಕಡತದಲ್ಲಿ ಸಾಧಿಸಲು ಹೊರಟಿರುವುದರಿಂದಲೇ ನಮ್ಮ ಸ್ಲೈಡುಗಳು ಪ್ರಬಂಧದ ಪುಟಗಳಂತೆ ಕಿಕ್ಕಿರಿದಿವೆ ಎಂದು ನನಗೆ ತೋರುತ್ತದೆ.

ಈ ಸಾಧನದ ಹುಟ್ಟನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಅವರ ಸಂಗಡಿಗರು ರೂಪಿಸಿದ ಪವರ್‌ಪಾಯಿಂಟ್ ೧೯೮೭ರಲ್ಲಿ ಮೆಕಿಂಟೋಷ್ ಗಣಕಕ್ಕಾಗಿ ಬಿಡುಗಡೆಯಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ವ್ಯಾಪಾರೀ ಸಂಸ್ಥೆಗಳ ಸಭೆಗಳಲ್ಲಿ ಬಳಸುತ್ತಿದ್ದ ಪಾರದರ್ಶಕ ಹಾಳೆಗಳನ್ನು ಸುಲಭವಾಗಿ ತಯಾರಿಸುವುದು ಅದರ ಮೂಲ ಉದ್ದೇಶವಾಗಿತ್ತು. ಒಂದು ಶೀರ್ಷಿಕೆ, ಅದರ ಕೆಳಗೆ ಚುಕ್ಕೆಯಿಟ್ಟ ಅಂಶಗಳು, ಅವುಗಳ ಕೆಳಗೆ ಉಪಾಂಶಗಳು ಎಂಬ ಚೌಕಟ್ಟು ಮಾರಾಟದ ಮಾತಿಗೆ ಹೊಂದುತ್ತದೆ. ಹೊಸ ಕಡತವನ್ನು ತೆರೆದೊಡನೆ ಇಂದಿಗೂ ಅದೇ ಚೌಕಟ್ಟು ನಮ್ಮೆದುರು ಬಂದು ನಿಲ್ಲುತ್ತದೆ. ರನ್ನನನ್ನಾಗಲಿ ಅಲ್ಲಮನನ್ನಾಗಲಿ ಅದರೊಳಗೆ ಕೂರಿಸುವಾಗ ನಾವು ಒಂದು ಕ್ಷಣವೂ ಅಳುಕುವುದಿಲ್ಲ.

ಈ ಚೌಕಟ್ಟಿನ ಅಪಾಯವನ್ನು ಅತ್ಯಂತ ಕಟುವಾಗಿ ವಿಮರ್ಶಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಟಫ್ಟಿ. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಛಿದ್ರಗೊಂಡು ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿ ಮೃತಪಟ್ಟ ದುರಂತ ಎಲ್ಲರಿಗೂ ನೆನಪಿದೆ. ನೌಕೆ ಮೇಲೇರುವಾಗಲೇ ನೊರೆಯ ತುಂಡೊಂದು ಕಳಚಿ ಅದರ ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಆಕಾಶದಲ್ಲಿದ್ದಾಗ ಹಾನಿಯ ಪ್ರಮಾಣವನ್ನು ಕುರಿತು ಎಂಜಿನಿಯರುಗಳು ಅಧಿಕಾರಿಗಳಿಗೆ ವಿವರಣೆ ನೀಡಿದ್ದು ಸ್ಲೈಡುಗಳ ಮೂಲಕ. ಬಡಿದ ತುಂಡಿನ ಅಂದಾಜು ಗಾತ್ರ ೧೯೨೦ ಘನ ಅಂಗುಲ. ಹಿಂದೆ ನಡೆಸಿದ್ದ ಪರೀಕ್ಷೆಗಳಲ್ಲಿ ಬಳಸಿದ್ದ ತುಂಡಿನ ಗಾತ್ರ ಕೇವಲ ೩ ಘನ ಅಂಗುಲ. ಅಂದರೆ ೬೪೦ ಪಟ್ಟು ವ್ಯತ್ಯಾಸ. ಹಳೆಯ ಪರೀಕ್ಷೆಗಳನ್ನು ನಂಬಿ ಯಾವ ತೀರ್ಮಾನಕ್ಕೂ ಬರಲಾಗದು ಎಂಬುದೇ ಇದರ ತಾತ್ಪರ್ಯ. ಆ ಮಾತು ಸ್ಲೈಡಿನ ಕೊಟ್ಟಕೊನೆಯಲ್ಲಿ, ಉಪಾಂಶದ ಉಪಾಂಶವಾಗಿ, ಸಣ್ಣ ಅಕ್ಷರಗಳಲ್ಲಿ ಅಡಗಿತ್ತು. ಶೀರ್ಷಿಕೆ ಸಮಾಧಾನದ ಧ್ವನಿಯಲ್ಲಿತ್ತು. ತಾಂತ್ರಿಕ ವರದಿಗಳ ಜಾಗದಲ್ಲಿ ಇಂತಹ ಸ್ಲೈಡುಗಳನ್ನು ಬಳಸುವ ರೂಢಿಯನ್ನು ಅದೇ ವರ್ಷ ಆಗಸ್ಟ್ ತಿಂಗಳಿನಲ್ಲಿ ಹೊರಬಂದ ತನಿಖಾ ಮಂಡಳಿಯ ವರದಿಯೂ ಆಕ್ಷೇಪಿಸಿತು.

ಕಾವ್ಯದ ತರಗತಿಯಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಆದರೆ ಮುಖ್ಯವಾದುದು ಕೆಳಸ್ತರಕ್ಕೆ ಜಾರಿ, ಹೇಳಲು ಸುಲಭವಾದುದು ಶೀರ್ಷಿಕೆಗೆ ಏರುವ ಕ್ರಿಯೆ ಎರಡೂ ಕಡೆ ಒಂದೇ. ‘ಕರ್ಣನ ಸ್ವಾಮಿನಿಷ್ಠೆ’ ಎಂದು ಬರೆದು ಚುಕ್ಕೆಯಿಟ್ಟೊಡನೆ ಆ ನಿಷ್ಠೆ ಎಂತಹ ಮಾತಿನಲ್ಲಿ, ಯಾರ ಎದುರಿನಲ್ಲಿ, ಯಾವ ನೋವಿನೊಡನೆ ವ್ಯಕ್ತವಾಯಿತು ಎಂಬುದು ಉಪಾಂಶವಾಗುತ್ತದೆ, ಸ್ಥಳವಿಲ್ಲದಿದ್ದರೆ ಬಿಟ್ಟೇಹೋಗುತ್ತದೆ. ಸಾಹಿತ್ಯ ಇರುವುದು ಆ ಬಿಟ್ಟುಹೋದ ಭಾಗದಲ್ಲಿ.

ಹಾಗಾದರೆ ಪರದೆಯ ಮೇಲೆ ಏನಿರಬೇಕು? ಈ ಪ್ರಶ್ನೆಗೆ ಕಲಿಕೆಯ ಮನಶ್ಶಾಸ್ತ್ರ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ೧೯೮೮ರಲ್ಲಿ ಮಂಡಿಸಿದ ಅರಿವಿನ ಹೊರೆಯ ಸಿದ್ಧಾಂತ ಮತ್ತು ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಅವರು ನಡೆಸಿದ ಪ್ರಯೋಗಗಳು ಒಂದು ಸರಳ ಸತ್ಯವನ್ನು ತೋರಿಸಿಕೊಟ್ಟಿವೆ. ಒಂದೇ ವಿವರಣೆ ಕಿವಿಗೂ ಕಣ್ಣಿಗೂ ಏಕಕಾಲದಲ್ಲಿ ಮಾತಿನ ರೂಪದಲ್ಲಿಯೇ ಬಂದರೆ ಕಲಿಕೆ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಅಧ್ಯಾಪಕ ಸ್ಲೈಡನ್ನು ಓದುತ್ತಾನೆ. ವಿದ್ಯಾರ್ಥಿ ಅವನಿಗಿಂತ ಬೇಗ ಓದಿ ಮುಗಿಸಿ, ಉಳಿದ ಹೊತ್ತು ಕಿವಿಗೆ ಬೀಳುವುದನ್ನು ಸಹಿಸಿಕೊಂಡು ಕುಳಿತಿರುತ್ತಾನೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ, ನಮ್ಮ ಯಾವುದೇ ವಿಚಾರಸಂಕಿರಣದ ಮಧ್ಯಾಹ್ನದ ಗೋಷ್ಠಿ ಸಾಕು.

ಆದರೆ ಮೇಯರ್ ಅವರ ಆರಂಭದ ಪ್ರಯೋಗಗಳು ಮಿಂಚು ಹೇಗೆ ಉಂಟಾಗುತ್ತದೆ, ಗಾಳಿ ಹೊಡೆಯುವ ಪಂಪು ಹೇಗೆ ಕೆಲಸ ಮಾಡುತ್ತದೆ ಎಂಬಂತಹ ವಿಷಯಗಳಿಗೆ ಸಂಬಂಧಿಸಿದವು ಎಂಬುದನ್ನು ಮರೆಯಬಾರದು. ಅಲ್ಲಿ ಮಾತು ಸಾಧನ, ಅರಿಯಬೇಕಾದುದು ಯಂತ್ರ. ನಮ್ಮಲ್ಲಿ ಅರಿಯಬೇಕಾದುದೇ ಮಾತು. ಪದ್ಯವನ್ನು ಕಣ್ಣಿನಿಂದ ನೋಡದೆ, ಕಿವಿಯಿಂದ ಕೇಳದೆ ಕಲಿಯುವ ದಾರಿಯಿಲ್ಲ. ಗಮನಾರ್ಹವಾದ ವಿಷಯವೆಂದರೆ ಅದೇ ಸಿದ್ಧಾಂತದೊಳಗೆ ಇದಕ್ಕೆ ಅವಕಾಶವೂ ಇದೆ: ಕೇಳುಗನಿಗೆ ಪರಿಚಯವಿಲ್ಲದ ಪದಗಳು ಅಥವಾ ಅವನದಲ್ಲದ ಭಾಷೆ ಇದ್ದಾಗ ಬರೆಹ ಕಣ್ಣೆದುರಿಗಿದ್ದರೆ ಉಪಕಾರವಾಗುತ್ತದೆ. ಇಂದಿನ ವಿದ್ಯಾರ್ಥಿಗೆ ಹಳಗನ್ನಡ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿದೆ. ಆದುದರಿಂದ ನನ್ನ ನಿಲುವನ್ನು ಹೀಗೆ ಹೇಳಬಹುದು: ಪಠ್ಯ ಪರದೆಗೆ, ವ್ಯಾಖ್ಯಾನ ಬಾಯಿಗೆ. ನಾವು ಈಗ ಮಾಡುತ್ತಿರುವುದು ಸರಿಯಾಗಿ ಇದರ ವಿಲೋಮ. ವ್ಯಾಖ್ಯಾನದ ಸಾರಾಂಶವನ್ನು ಪರದೆಗೆ ಏರಿಸಿ, ಪದ್ಯವನ್ನು ‘ಪುಸ್ತಕದಲ್ಲಿದೆ, ನೋಡಿಕೊಳ್ಳಿ’ ಎಂದು ಬಿಡುತ್ತಿದ್ದೇವೆ.

ಈ ವಿವೇಕ ನಮ್ಮ ಪರಂಪರೆಗೆ ಹೊಸತಲ್ಲ. ಗಮಕ ಕಲೆಯಲ್ಲಿ ವಾಚನಕಾರರು ಪದ್ಯವನ್ನು ಹಾಡುತ್ತಾರೆ, ವ್ಯಾಖ್ಯಾನಕಾರರು ಅನಂತರ ಅರ್ಥವನ್ನು ಬಿಡಿಸುತ್ತಾರೆ; ಇಬ್ಬರೂ ಒಟ್ಟಿಗೆ ಬಾಯಿ ತೆರೆಯುವುದಿಲ್ಲ. ತೊಗಲುಗೊಂಬೆಯಾಟದಲ್ಲಿಯೂ ಪರದೆಯಿದೆ, ಬೆಳಕಿದೆ, ಚಿತ್ರವಿದೆ. ಕಥೆಯನ್ನು ಪರದೆಯ ಮೇಲೆ ಬರೆದಿರುವುದಿಲ್ಲ, ಅದು ಆಡಿಸುವವನ ಕಂಠದಲ್ಲಿರುತ್ತದೆ.

ಕಂದಪದ್ಯದ ಪಾಠವನ್ನು ಉದಾಹರಣೆಯಾಗಿ ನೋಡೋಣ. ಹಿಂದೆ ನಾನು ಕಂದದ ಲಕ್ಷಣವನ್ನು ಒಂದು ಸ್ಲೈಡಿನಲ್ಲಿ ಎಂಟು ಅಂಶಗಳಾಗಿ ತೋರಿಸುತ್ತಿದ್ದೆ: ನಾಲ್ಕು ಪಾದಗಳು, ನಾಲ್ಕು ಮಾತ್ರೆಯ ಗಣಗಳು, ಒಂದು ಮತ್ತು ಮೂರನೆಯ ಪಾದಗಳಲ್ಲಿ ಮೂರು ಗಣ, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣ, ವಿಷಮ ಸ್ಥಾನದಲ್ಲಿ ಜಗಣ ನಿಷಿದ್ಧ, ಆರನೆಯ ಗಣ ಜಗಣ ಅಥವಾ ಸರ್ವಲಘು, ಅರ್ಧದ ಕೊನೆಯಲ್ಲಿ ಗುರು, ಒಟ್ಟು ೬೪ ಮಾತ್ರೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಂಡರು, ಪರೀಕ್ಷೆಯಲ್ಲಿಯೂ ಬರೆದರು. ಆದರೆ ಹೊಸ ಪದ್ಯವೊಂದನ್ನು ಕೊಟ್ಟು ಇದು ಕಂದವೇ ಎಂದು ಕೇಳಿದಾಗ ತರಗತಿ ಮೌನವಾಗಿತ್ತು.

ಈಗ ನಾನು ಮಾಡುವುದು ಬೇರೆ. ಮೊದಲ ಸ್ಲೈಡಿನಲ್ಲಿ ಪದ್ಯವೊಂದೇ ಇರುತ್ತದೆ, ನಾಲ್ಕು ಸಾಲು, ದೊಡ್ಡ ಅಕ್ಷರ, ಶೀರ್ಷಿಕೆಯಿಲ್ಲ. ಎರಡು ಬಾರಿ ಗಟ್ಟಿಯಾಗಿ ಓದುತ್ತೇನೆ, ಮೂರನೆಯ ಬಾರಿ ವಿದ್ಯಾರ್ಥಿಯೊಬ್ಬರಿಂದ ಓದಿಸುತ್ತೇನೆ. ಪುಟ್ಟ ಸಾಲು, ಉದ್ದ ಸಾಲು ಎಂಬ ಏರಿಳಿತ ಆಗ ತಾನಾಗಿಯೇ ಕಿವಿಗೆ ಸಿಕ್ಕುತ್ತದೆ. ಎರಡನೆಯ ಸ್ಲೈಡಿನಲ್ಲಿಯೂ ಅದೇ ಪದ್ಯ, ಅದೇ ಜಾಗದಲ್ಲಿ. ಪ್ರತಿ ಪಾದದ ಎರಡನೆಯ ಅಕ್ಷರ ಮಾತ್ರ ಬೇರೆ ಬಣ್ಣದಲ್ಲಿರುತ್ತದೆ. ಪ್ರಾಸ ಎಂದರೇನೆಂದು ನಾನು ಹೇಳುವ ಮೊದಲೇ ಮುಂದಿನ ಬೆಂಚಿನವರು ಹೇಳುತ್ತಾರೆ. ಅನಂತರ ಹತ್ತು ನಿಮಿಷ ಪರದೆಯನ್ನು ಹಾಗೆಯೇ ಬಿಟ್ಟು ಅವರವರ ಪುಸ್ತಕದಲ್ಲಿ ಲಘು ಗುರುಗಳನ್ನು ಗುರುತಿಸಲು ಹೇಳುತ್ತೇನೆ. ಒಬ್ಬರಿಗೆ ೬೪, ಇನ್ನೊಬ್ಬರಿಗೆ ೬೫ ಬರುತ್ತದೆ. ಆ ಒಂದು ಮಾತ್ರೆಯ ಜಗಳ ನನ್ನ ಪಾಠದ ಅತ್ಯುತ್ತಮ ಕ್ಷಣ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವರಿಗೇ ಹೆಚ್ಚುವರಿ ಮಾತ್ರೆ ಬಂದಿರುತ್ತದೆ, ಏಕೆಂದರೆ ಪದ್ಯದಲ್ಲಿ ಎಲ್ಲಿಯೋ ಒಂದು ಶಿಥಿಲದ್ವಿತ್ವ ಅಡಗಿದೆ. ಅದನ್ನು ಅವರೇ ಪತ್ತೆಹಚ್ಚಿದ ಮೇಲೆ ಗಣವಿಭಾಗದ ಸ್ಲೈಡು ಬರುತ್ತದೆ. ಎರಡು ಅರ್ಧಗಳ ಆರನೆಯ ಗಣಗಳನ್ನು ಒಂದರ ಕೆಳಗೊಂದು ನೋಡಿದಾಗ ನಿಯಮವನ್ನು ಅವರ ಬಾಯಿಂದಲೇ ಕೇಳಬಹುದು. ಒಟ್ಟು ನಾಲ್ಕು ಸ್ಲೈಡು, ಐವತ್ತು ನಿಮಿಷ. ಗಂಟೆಯೊಂದಕ್ಕೆ ಅರವತ್ತು ಸ್ಲೈಡು ತೋರಿಸುತ್ತಿದ್ದ ಕಾಲದಲ್ಲಿ ನಾನು ಇದನ್ನು ಸೋಮಾರಿತನ ಎಂದು ಭಾವಿಸುತ್ತಿದ್ದೆ.

ಭಾಮಿನೀ ಷಟ್ಪದಿಗೆ ಕಣ್ಣಿಗಿಂತ ಕಿವಿ ಮುಖ್ಯ. ಮೂರು ನಾಲ್ಕು, ಮೂರು ನಾಲ್ಕು ಎಂಬ ನಡಿಗೆ ೧೪ ಮಾತ್ರೆಯ ನಾಲ್ಕು ಸಾಲುಗಳಲ್ಲಿ ಸಾಗಿ, ಮೂರು ಮತ್ತು ಆರನೆಯ ಸಾಲುಗಳಲ್ಲಿ ೨೩ ಮಾತ್ರೆಗೆ ಹಿಗ್ಗುವುದನ್ನು ಗಮಕಿಗಳ ಧ್ವನಿಮುದ್ರಿಕೆಯಿಂದ ತಿಳಿಸುವುದೇ ಸರಿ. ಧ್ವನಿ ನುಡಿಯುವಾಗ ಪರದೆಯ ಮೇಲೆ ಪದ್ಯವಷ್ಟೇ ಇರಲಿ. ಕವಿಯ ಭಾವಚಿತ್ರ, ಹೂಬಳ್ಳಿ, ಯುದ್ಧದ ವರ್ಣಚಿತ್ರ ಇವಾವುವೂ ಬೇಡ.

ಇಲ್ಲಿ ಕರಿಹಲಗೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಪ್ರಸ್ತಾರ ಹಾಕಲು ಅದಕ್ಕಿಂತ ಉತ್ತಮವಾದ ಸಾಧನವಿಲ್ಲ. ಸೀಮೆಸುಣ್ಣ ಒಂದು ಗುರುವನ್ನು ಬರೆಯಲು ತೆಗೆದುಕೊಳ್ಳುವ ಹೊತ್ತಿನಲ್ಲಿ ವಿದ್ಯಾರ್ಥಿ ಮುಂದಿನ ಅಕ್ಷರವನ್ನು ಲೆಕ್ಕ ಹಾಕಿರುತ್ತಾನೆ. ಪದ್ಯ ಪರದೆಯ ಮೇಲೆ, ಪ್ರಸ್ತಾರ ಹಲಗೆಯ ಮೇಲೆ ಎಂಬುದು ನನಗೆ ಆದರ್ಶವಾಗಿ ಕಾಣುತ್ತದೆ. ಆದರೆ ನಾನು ನೋಡಿದ ಹಲವು ಕೊಠಡಿಗಳಲ್ಲಿ ಪರದೆಯನ್ನು ಹಲಗೆಯ ನಡುಮಧ್ಯಕ್ಕೇ ನೇತುಹಾಕಿದ್ದಾರೆ. ಇದನ್ನು ಇಳಿಸಿದರೆ ಅದು ಮಾಯ. ಗುತ್ತಿಗೆದಾರರು ಬರುವ ದಿನ ಕನ್ನಡ ಅಧ್ಯಾಪಕರೊಬ್ಬರು ಅಲ್ಲಿ ನಿಂತಿದ್ದರೆ ಸಾಕಾಗಿತ್ತು.

ಪದ್ಯವನ್ನು ಪರದೆಗೆ ಏರಿಸುವುದೆಂದರೆ ಅದನ್ನು ಒಂದರ್ಥದಲ್ಲಿ ಸಂಪಾದಿಸಿದಂತೆ ಎಂಬುದನ್ನು ಸಂಶೋಧಕರಾದ ನಾವು ಮರೆಯುತ್ತಿದ್ದೇವೆ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ, ಪಾದಗಳು ಬೇರೆ ಬೇರೆ ಸಾಲಿನಲ್ಲಿರುವುದಿಲ್ಲ. ವಚನಗಳ ವಿಷಯದಲ್ಲಂತೂ ಸಾಲುಗಳ ವಿಂಗಡಣೆ ಬಹುಮಟ್ಟಿಗೆ ಆಧುನಿಕ ಸಂಪಾದಕರದು; ಒಂದು ಆವೃತ್ತಿಯಲ್ಲಿ ಗದ್ಯದಂತೆ ಹರಿದಿರುವ ವಚನ ಇನ್ನೊಂದರಲ್ಲಿ ಕವನದಂತೆ ಒಡೆದಿರುತ್ತದೆ. ಸ್ಲೈಡಿನ ಅಗಲ ಸಾಲದೆಂದು ನಾವು ಎಲ್ಲೆಂದರಲ್ಲಿ ಸಾಲು ಮುರಿದರೆ ವಿದ್ಯಾರ್ಥಿ ಅದನ್ನೇ ವಚನದ ಲಯವೆಂದು ನಂಬುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಬೋಧಿಸುವ ವಿಭಾಗಗಳಲ್ಲಿಯೇ, ಯಾವ ಆವೃತ್ತಿಯಿಂದ ತೆಗೆದದ್ದು ಎಂಬ ಸೂಚನೆಯಿಲ್ಲದ ಪದ್ಯಗಳು ಪರದೆಯ ಮೇಲೆ ಹಾದುಹೋಗುತ್ತಿವೆ. ಪಂಪಭಾರತದ ಪದ್ಯವಾದರೆ ಅದು ರೈಸ್ ಅವರ ೧೮೯೮ರ ಮುದ್ರಣದ ಪಾಠವೇ, ಬೆಳ್ಳಾವೆ ವೆಂಕಟನಾರಣಪ್ಪನವರು ಸಾಹಿತ್ಯ ಪರಿಷತ್ತಿಗಾಗಿ ಸಂಪಾದಿಸಿದ ಪಾಠವೇ ಎಂದು ಮೂಲೆಯಲ್ಲಿ ಒಂದು ಸಣ್ಣ ಸಾಲು ಇರಲಿ. ಅಷ್ಟೇ ಅಲ್ಲ, ಪಾಠಾಂತರಗಳನ್ನು ಬೋಧಿಸಲು ಸ್ಲೈಡಿಗಿಂತ ಅನುಕೂಲವಾದ ಸಾಧನ ನಮಗೆ ಈವರೆಗೆ ದೊರೆತಿರಲಿಲ್ಲ. ಎರಡು ಆವೃತ್ತಿಗಳ ಒಂದೇ ಪದ್ಯವನ್ನು ಅಕ್ಕಪಕ್ಕದಲ್ಲಿಟ್ಟು, ವ್ಯತ್ಯಾಸವಿರುವ ಪದಕ್ಕೆ ಮಾತ್ರ ಬಣ್ಣ ಕೊಟ್ಟು, ಯಾವುದು ಮೂಲಕ್ಕೆ ಹತ್ತಿರ, ಏಕೆ, ಎಂದು ಕೇಳಿ ಸುಮ್ಮನೆ ನಿಲ್ಲಬಹುದು.

ಇನ್ನು ಅಕ್ಷರಗಳ ವಿಚಾರ. ಸ್ಲೈಡು ತಯಾರಿಕೆಯನ್ನು ಕುರಿತು ಸಿಕ್ಕುವ ಸಲಹೆಗಳೆಲ್ಲ ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಹೇಳಿದವು. ಆರು ಸಾಲು, ಸಾಲಿಗೆ ಆರು ಪದ ಎಂಬ ಪ್ರಸಿದ್ಧ ಸೂತ್ರವನ್ನೇ ನೋಡಿ. ಇಂಗ್ಲಿಷಿನ ನಾಲ್ಕು ಪದಗಳ ಕೆಲಸವನ್ನು ವಿಭಕ್ತಿ, ಸಮಾಸ, ಸಂಧಿಗಳ ಬಲದಿಂದ ಕನ್ನಡದ ಒಂದೇ ಪದ ಮಾಡಿಬಿಡುತ್ತದೆ. ಅಂತಹ ಆರು ಪದಗಳು ಒಂದು ಸಾಲಿನಲ್ಲಿ ಹಿಡಿಸುವುದೂ ಇಲ್ಲ. ನಮ್ಮ ಲಿಪಿಯ ಮುಖ್ಯ ಲಕ್ಷಣವೆಂದರೆ ಅದು ಕೆಳಗಿಳಿಯುತ್ತದೆ. ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರದ ಅಡಿಯಲ್ಲಿ ಎರಡು ಒತ್ತುಗಳಿವೆ. ತಂತ್ರಾಂಶ ತಾನಾಗಿ ಕೊಡುವ ಸಾಲಿನ ಅಂತರವನ್ನೇ ಇಟ್ಟುಕೊಂಡರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ. ಹಿಂದಿನ ಬೆಂಚಿನ ವಿದ್ಯಾರ್ಥಿ ಅಲ್ಲಿ ಎರಡನ್ನೂ ಓದಲಾರ. ಅಂತರವನ್ನು ಒಂದೂಕಾಲು ಅಥವಾ ಒಂದೂವರೆಗೆ ಏರಿಸುವುದು ಅನಿವಾರ್ಯ.

ಮುಖ್ಯ ಪದದ ಅಡಿಗೆರೆ ಎಳೆಯುವುದು ನಮ್ಮ ಹಳೆಯ ಅಭ್ಯಾಸ. ಕನ್ನಡದಲ್ಲಿ ಆ ಗೆರೆ ಒತ್ತಕ್ಷರಗಳ ಕೊರಳನ್ನೇ ಕತ್ತರಿಸುತ್ತದೆ. ಅಕ್ಷರಗಳನ್ನು ಓರೆಯಾಗಿಸುವುದು ನಮ್ಮ ಲಿಪಿಗೆ ಸಹಜವಾದುದಲ್ಲ. ದಪ್ಪವಾಗಿಸಿದರೆ ದುಂಡಗಿನ ಅಕ್ಷರಗಳ ಒಳತೆರಪು ಮುಚ್ಚಿಹೋಗಿ ಪ, ಷ, ಮಹಾಪ್ರಾಣದ ಸೀಳು ಇವೆಲ್ಲ ದೂರದಿಂದ ಒಂದೇ ಆಗಿ ಕಾಣುತ್ತವೆ. ಎರಡೂ ಅಂಚುಗಳನ್ನು ಸಮಗೊಳಿಸಿದರೆ ಉದ್ದ ಪದಗಳ ನಡುವೆ ಹೊಂಡಗಳು ಬೀಳುತ್ತವೆ. ಆದ್ದರಿಂದ ಒತ್ತು ಕೊಡಬೇಕಾದಲ್ಲಿ ಬಣ್ಣವೊಂದೇ ನಮಗೆ ಉಳಿದ ದಾರಿ, ಅದೂ ಒಂದು ಸ್ಲೈಡಿಗೆ ಒಂದೇ ಬಣ್ಣ. ಕಿಟಕಿಗಳಿಗೆ ಪರದೆಯಿಲ್ಲದ ನಮ್ಮ ಕೊಠಡಿಗಳಲ್ಲಿ ಹಳದಿ ಅಕ್ಷರ, ತಿಳಿ ನೀಲಿ ಹಿನ್ನೆಲೆ ಮಧ್ಯಾಹ್ನದ ಬಿಸಿಲಿಗೆ ಅಳಿಸಿಹೋಗುತ್ತವೆ. ಬಿಳಿಯ ಮೇಲೆ ಕಪ್ಪು ಉಳಿಯುತ್ತದೆ. ಅಕ್ಷರದ ಗಾತ್ರವನ್ನು ಸಂಖ್ಯೆಯಲ್ಲಿ ಹೇಳುವುದಕ್ಕಿಂತ, ಪಾಠಕ್ಕೆ ಮೊದಲು ಕೊನೆಯ ಬೆಂಚಿನಲ್ಲಿ ಒಮ್ಮೆ ಕುಳಿತು ನೋಡುವುದು ಮೇಲು. ನಾನು ಹಾಗೆ ಮೊದಲ ಬಾರಿ ಕುಳಿತದ್ದು ಅಧ್ಯಾಪಕನಾಗಿ ಎಷ್ಟೋ ವರ್ಷಗಳು ಕಳೆದ ಮೇಲೆ. ನನ್ನ ಸ್ಲೈಡಿನ ಅಡಿಟಿಪ್ಪಣಿಗಳು ಅಲ್ಲಿಂದ ಇರುವೆಸಾಲಿನಂತೆ ಕಂಡವು.

ಫಾಂಟಿನ ಸಮಸ್ಯೆಯನ್ನು ಹಳೆಯದೆಂದು ಹಲವರು ತಿಳಿದಿದ್ದಾರೆ. ನುಡಿ, ಬರಹ ಮುಂತಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅವು ಇಲ್ಲದಿದ್ದರೆ ನಮ್ಮ ಪೀಳಿಗೆ ಗಣಕದ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಆದರೆ ಹಳೆಯ ವಿಧಾನದಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡ ಮರೆಯಾಗಿ ಅರ್ಥಹೀನ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಊರಾಚೆಯ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಉಪನ್ಯಾಸಕ್ಕೆ ಹೋದಾಗ ನನಗೆ ಹೀಗಾಯಿತು. ಅರ್ಧ ಗಂಟೆ ಮೂವರು ಗಣಕದ ಸುತ್ತ ನಿಂತೆವು, ಕೊನೆಗೆ ಬರಿಗೈಯಲ್ಲಿ ಮಾತನಾಡಿದೆ; ನಿಜ ಹೇಳಬೇಕೆಂದರೆ ಆ ದಿನದ ಉಪನ್ಯಾಸ ಚೆನ್ನಾಗಿಯೇ ಆಯಿತು. ಯೂನಿಕೋಡಿನಲ್ಲಿ ಈ ತೊಂದರೆಯಿಲ್ಲ. ಆದರೂ ಹತ್ತಾರು ವರ್ಷಗಳ ಹಿಂದೆ ಸಿದ್ಧಪಡಿಸಿದ ಕಡತಗಳನ್ನು ಪರಿವರ್ತಿಸದೆ ಇಂದಿಗೂ ಬಳಸುವವರು ನಮ್ಮಲ್ಲಿದ್ದಾರೆ, ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಾನಪಲ್ಲಟವಾದದ್ದನ್ನು ಗಮನಿಸದವರೂ ಇದ್ದಾರೆ.

ಹಳಗನ್ನಡದವರಿಗೆ ಮತ್ತೂ ಒಂದು ಕಷ್ಟವಿದೆ. ಱ ಮತ್ತು ೞ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದೆ, ಆದರೆ ಎಲ್ಲ ಫಾಂಟುಗಳೂ ಅವುಗಳ ಒತ್ತುರೂಪಗಳನ್ನು ಸರಿಯಾಗಿ ಮೂಡಿಸುವುದಿಲ್ಲ. ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಆರಂಭದಲ್ಲಿ ಕೊಟ್ಟ ಹೆಸರು ‘ಫ’ ಅಕ್ಷರವೆಂದು! ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿ ಸೇರಿದೆ. ಅಕ್ಷರ ಸಿಗಲಿಲ್ಲವೆಂದು ೞ ಇರಬೇಕಾದಲ್ಲಿ ಳ, ಱ ಇರಬೇಕಾದಲ್ಲಿ ರ ಒತ್ತಿ ಮುಂದೆ ಹೋಗುವುದು ಈಗ ಸಾಮಾನ್ಯವಾಗಿದೆ. ಹಾಗೆ ಒತ್ತಿದ ಪದ್ಯವನ್ನಿಟ್ಟುಕೊಂಡು ಭಾಷೆಯ ಚರಿತ್ರೆಯನ್ನು ಬೋಧಿಸುವುದು ಹೇಗೆ?

ಚಿತ್ರವೇ ಪಠ್ಯವಾಗುವ ಸಂದರ್ಭ ಶಾಸನಗಳದು. ಎಂ.ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು ನಾವೆಲ್ಲರೂ ಬೋಧಿಸುತ್ತೇವೆ, ಹದಿನಾರು ಸಾಲುಗಳ ಮುದ್ರಿತ ಪಾಠವನ್ನು ತೋರಿಸಿ ಕ್ರಿ.ಶ. ಸುಮಾರು ೪೫೦ ಎಂದು ಹೇಳಿ ಮುಗಿಸುತ್ತೇವೆ. ಕಲ್ಲಿನ ಛಾಯಾಚಿತ್ರವೊಂದು ಮೂಲೆಯಲ್ಲಿ ಅಂಚೆಚೀಟಿಯ ಗಾತ್ರದಲ್ಲಿರುತ್ತದೆ. ಆ ಚಿತ್ರ ಇಡೀ ಪರದೆಯನ್ನು ತುಂಬಲಿ. ಅನಂತರ ಒಂದೇ ಸಾಲನ್ನು ಹಿಗ್ಗಿಸಿ, ಕೆಳಗೆ ಇಂದಿನ ಲಿಪಿಯ ಅಕ್ಷರಗಳನ್ನು ಒಂದೊಂದಾಗಿ ಬರುವಂತೆ ಮಾಡಿದರೆ ಅರ್ಧ ಗಂಟೆಯಲ್ಲಿ ವಿದ್ಯಾರ್ಥಿಗಳು ಐದಾರು ಅಕ್ಷರಗಳನ್ನು ತಾವಾಗಿಯೇ ಗುರುತಿಸುತ್ತಾರೆ. ಕಾಲನಿರ್ಣಯದ ಬಗೆಗಿನ ಭಿನ್ನಾಭಿಪ್ರಾಯಗಳು ಅವರಿಗೆ ಅರ್ಥವಾಗುವುದು ಅಕ್ಷರದ ಆಕಾರವನ್ನು ಕಣ್ಣಾರೆ ಕಂಡ ಮೇಲೆಯೇ.

ಸಾಹಿತ್ಯ ಚರಿತ್ರೆಯ ಕಾಲಪಟ್ಟಿ, ಉಪಭಾಷೆಗಳ ನಕಾಶೆ, ದ್ರಾವಿಡ ಭಾಷೆಗಳ ವಂಶವೃಕ್ಷ ಇವು ಸ್ಲೈಡಿಗೆ ಹೇಳಿ ಮಾಡಿಸಿದಂತಿವೆ. ಅವುಗಳ ಬಗ್ಗೆ ವಿಶೇಷವಾಗಿ ಹೇಳಬೇಕಾದುದಿಲ್ಲ. ಕಾವ್ಯಮೀಮಾಂಸೆಗೆ ಮಾತ್ರ ಸ್ಲೈಡು ಬೇಡವೇ ಬೇಡ ಎಂಬುದು ನನ್ನ ಅನುಭವ. ರಸಸೂತ್ರವನ್ನು ಬಾಣದ ಗುರುತುಗಳಿಂದ ಜೋಡಿಸಿದ ನಕ್ಷೆಯನ್ನು ನಾನೂ ಒಮ್ಮೆ ಮಾಡಿದ್ದೆ. ಅದನ್ನು ನೋಡಿದವರಿಗೆ ರಸ ಒಂದು ಕಾರ್ಖಾನೆಯಲ್ಲಿ ತಯಾರಾಗುತ್ತದೆ ಎಂಬ ಭಾವನೆ ಬಂದಿದ್ದರೆ ಅದು ಅವರ ದೋಷವಲ್ಲ.

ಈ ವಾದಕ್ಕೆ ಒಂದು ಆಕ್ಷೇಪಣೆ ಬರುತ್ತದೆ, ಅದು ಉಪೇಕ್ಷಿಸತಕ್ಕದ್ದಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ದೂರದ ಹಳ್ಳಿಗಳಿಂದ ಬರುವವರು, ಕೆಲಸ ಮಾಡಿಕೊಂಡು ಓದುವವರು. ಪುಸ್ತಕ ಕೊಳ್ಳಲು ಅವರಿಗೆ ಆಗುವುದಿಲ್ಲ, ಗ್ರಂಥಾಲಯದಲ್ಲಿ ಇರುವುದು ಎರಡು ಪ್ರತಿ. ಸ್ಲೈಡಿನಲ್ಲಿ ಎಲ್ಲವನ್ನೂ ಬರೆದು ಕಳುಹಿಸಿದರೆ ಅವರಿಗೆ ಅದೇ ಆಧಾರ. ಇದು ನಿಜವಾದ ಕಷ್ಟ, ಆದರೆ ಅದರ ಪರಿಹಾರ ಸ್ಲೈಡಲ್ಲ. ಒಂದು ಹಾಳೆಯ ಎರಡೂ ಬದಿಯಲ್ಲಿ ಮೂಲಪದ್ಯ, ಕಠಿಣಪದಗಳ ಅರ್ಥ, ಆವೃತ್ತಿಯ ವಿವರ, ಓದಬೇಕಾದ ಎರಡು ಲೇಖನಗಳ ಹೆಸರು ಇವಿಷ್ಟನ್ನು ಮುದ್ರಿಸಿ ತರಗತಿಗೆ ಮೊದಲೇ ಕೊಡಬಹುದು. ಟಫ್ಟಿಯವರೂ ಸ್ಲೈಡಿಗೆ ಬದಲಾಗಿ ಸೂಚಿಸಿದ್ದು ಕಾಗದದ ಹಾಳೆಯನ್ನೇ. ಕೈಯಲ್ಲಿ ಹಾಳೆಯಿದ್ದವನು ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿಯಲು ಎದ್ದುನಿಲ್ಲುವುದಿಲ್ಲ. ಅಂಚಿನಲ್ಲಿ ತನ್ನ ಕೈಬರಹದಲ್ಲಿ ಏನನ್ನಾದರೂ ಬರೆದುಕೊಳ್ಳುತ್ತಾನೆ. ೨೦೨೦ರ ಕೊರೋನಾ ಕಾಲದ ಅಂತರ್ಜಾಲ ತರಗತಿಗಳಲ್ಲಿ ಸ್ಲೈಡೇ ಅಧ್ಯಾಪಕನ ಮುಖವಾಗಿತ್ತು, ಆಗ ಎಲ್ಲವನ್ನೂ ಅದರಲ್ಲಿ ತುಂಬಿದ್ದಕ್ಕೆ ಕಾರಣವಿತ್ತು. ಆ ಕಡತಗಳನ್ನೇ ಈಗ ಕೊಠಡಿಯೊಳಗೆ ತಂದು ತೋರಿಸುತ್ತಿರುವುದು ಅಭ್ಯಾಸಬಲದಿಂದ.

ಕೊನೆಯದಾಗಿ ಒಂದು ಕಾರ್ಯಸಾಧ್ಯವಾದ ಸಲಹೆ. ಬಿ.ಎ. ಮತ್ತು ಎಂ.ಎ. ತರಗತಿಗಳಲ್ಲಿ ಪದೇ ಪದೇ ಪಾಠವಾಗುವ ಹಳಗನ್ನಡ, ನಡುಗನ್ನಡ ಪದ್ಯಗಳು ಕೆಲವು ನೂರು ಇರಬಹುದು. ಅವನ್ನು ರಾಜ್ಯದ ಪ್ರತಿಯೊಬ್ಬ ಅಧ್ಯಾಪಕನೂ ತನ್ನ ಸ್ಲೈಡಿಗಾಗಿ ಪ್ರತ್ಯೇಕವಾಗಿ ಒತ್ತುತ್ತಿದ್ದಾನೆ, ಪ್ರತಿಯೊಬ್ಬನೂ ಪ್ರತ್ಯೇಕವಾಗಿ ತಪ್ಪು ಮಾಡುತ್ತಿದ್ದಾನೆ. ಹಿಂದಿನ ಲಿಪಿಕಾರರ ಸ್ಖಾಲಿತ್ಯಗಳನ್ನು ವರ್ಗೀಕರಿಸುವ ನಾವು ಹೊಸ ಲಿಪಿಕಾರರಾಗಿದ್ದೇವೆ. ವಿಭಾಗಗಳು ತಮ್ಮೊಳಗೆ ಪಠ್ಯಗಳನ್ನು ಹಂಚಿಕೊಂಡು, ಯೂನಿಕೋಡಿನಲ್ಲಿ ಱ, ೞಗಳನ್ನು ಕಾಪಾಡಿ, ಆವೃತ್ತಿಯ ಹೆಸರನ್ನೂ ಮುಖ್ಯ ಪಾಠಾಂತರಗಳನ್ನೂ ಸೇರಿಸಿ, ಇಬ್ಬರು ಕರಡು ತಿದ್ದಿದ ಪದ್ಯಗಳ ಒಂದು ಸಮಾನ ಸಂಗ್ರಹವನ್ನು ಮಾಡಿಕೊಂಡರೆ ಅದಕ್ಕೆ ದೊಡ್ಡ ಅನುದಾನವೂ ಬೇಕಾಗುವುದಿಲ್ಲ. ನನ್ನ ಬಳಿ ಹಾಗೆ ತಿದ್ದಿಟ್ಟ ಸುಮಾರು ಎಂಬತ್ತು ಕಂದಪದ್ಯಗಳೂ ಮೂವತ್ತು ಷಟ್ಪದಿಗಳೂ ಇವೆ. ಅವುಗಳಲ್ಲಿ ತಪ್ಪುಗಳು ಉಳಿದಿರುವುದು ಖಂಡಿತ, ಮತ್ತೊಬ್ಬರ ಕಣ್ಣಿಗೆ ಮಾತ್ರ ಅವು ಕಂಡಾವು. ಈ ಪತ್ರಿಕೆಯ ಸಂಪಾದಕ ಮಂಡಳಿ ಒಪ್ಪಿದರೆ ಮೊದಲ ಕಂತಾಗಿ ಅವನ್ನು ವಿಭಾಗಕ್ಕೆ ಒಪ್ಪಿಸಲು ಸಿದ್ಧನಿದ್ದೇನೆ.